ಗೂಡಿನ ಮರ

ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕಂಡದ್ದೇ ತಡ, ವಿನೋದ ಕ್ಯಾಮೆರಾ ಎತ್ತಿಕೊಂಡು ಓಡಿಯೇಬಿಟ್ಟ. ಹಣ್ಣು ತಿನ್ನುತ್ತಿದ್ದ ಹಕ್ಕಿ ದೊಡ್ಡ ರೆಕ್ಕೆ ಬಡಿದು ಯಾಣದ ಗುಡ್ಡದಾಚೆ ಹೋಯಿತು.

"ಎಂತ ಓಡೂದು ನೀವು? ಬಸ್ಸು ತಪ್ಪಿ ಹೋಗ್ತದಾ?" ಗೈಡ್ ಸುಬ್ಬಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಅಭ್ಯಾಸ" ಎಂದ ಅವನು ತಲೆ ಕೆರೆಯುತ್ತ. "ನಮ್ದು ಹೊನ್ನಾವರದ ದೋಣಿ ಮನೆ. ಕಡಲಲ್ಲಿ ಹಕ್ಕಿ ಹಿಂಡು ಕಂಡ್ರೆ ಕೆಳಗೆ ಮೀನು ಇದ್ದಂಗೆ. ಅಪ್ಪ ಕೂಡ್ಲೇ ದೋಣಿ ಅತ್ತ ತಿರುಗಿಸ್ತಿದ್ದ."

"ಇಲ್ಲಿ ಹಕ್ಕಿ ಕಂಡ್ರೆ ಕೂತ್ಕಳೂದು."

ಅವಳಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಬೈಸಿಕೊಂಡ ಮುಖದಲ್ಲಿ ನಗು ಹೀಗೂ ಉಳಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನದಿಂದ ವಿನೋದ ಕೂರಲು ಕಲಿತ. ಇರುವೆ ಕಚ್ಚಿದರೂ ಅಲುಗಲಿಲ್ಲ. ಹಕ್ಕಿ ಬಾರದ ಹೊತ್ತಿನಲ್ಲಿ ಅವನ ಕಣ್ಣು ಸುಬ್ಬಿಯ ಕಡೆ ಜಾರುತ್ತಿತ್ತು. ಅವಳು ತಿರುಗಿದರೆ ಲೆನ್ಸ್ ಒರೆಸುತ್ತಿದ್ದ. ಆ ಲೆನ್ಸ್ ಅದರ ಜನ್ಮದಲ್ಲೇ ಅಷ್ಟು ಚೊಕ್ಕವಾಗಿದ್ದಿರಲಿಕ್ಕಿಲ್ಲ.

ಆರನೆಯ ದಿನ, ಅವನು ಸ್ಪರ್ಧೆಗೆ ಫೋಟೋ ಕಳಿಸಬೇಕಾದ ಕೊನೆಯ ದಿನ, ಸುಬ್ಬಿ ಬೇರೆ ದಾರಿ ಹಿಡಿದಳು. ಹಣ್ಣಿನ ಮರಗಳನ್ನು ಅವಳು ಎಲ್ಲರಿಗೂ ತೋರಿಸುತ್ತಾಳೆ. ಗೂಡಿನ ಮರವನ್ನು ಹೆತ್ತ ಅಪ್ಪನಿಗೂ ತೋರಿಸಿದವಳಲ್ಲ. ಪೊಟರೆಯೊಳಗೆ ಹೆಣ್ಣು ಹಕ್ಕಿ ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಂಡು ಮರಿಯೊಂದಿಗೆ ಕೂತಿರುತ್ತದೆ. ಗಂಡು ಹಕ್ಕಿ ತಂದ ಹಣ್ಣೇ ಅವಕ್ಕೆ ಊಟ. ಅದು ಬೆದರಿದರೆ ಒಳಗೆ ಉಪವಾಸ. ಇವನು ಇಲ್ಲಿಯೂ ಓಡಿದರೆ?

ಗಂಡು ಹಕ್ಕಿ ಬಂತು. ಎದುರಿಗೆ ಎಲೆಗಳ ಮರೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಚಿತ್ರ ಪೂರ್ತಿ ಸಿಗುತ್ತಿತ್ತು. ಸುಬ್ಬಿ ಹಕ್ಕಿಯನ್ನು ನೋಡಲೇ ಇಲ್ಲ, ಅವನ ಬರಿಗಾಲನ್ನೇ ನೋಡುತ್ತಿದ್ದಳು. ಬೆರಳುಗಳು ಒಮ್ಮೆ ಮಣ್ಣನ್ನು ಒತ್ತಿದವು. ಆಮೇಲೆ ಸುಮ್ಮನಾದವು.

ವಿನೋದ ಕ್ಯಾಮೆರಾ ಕೆಳಗಿಟ್ಟ.

"ಹನ್ನೊಂದು ಹಣ್ಣು ಕೊಟ್ಟ" ಎಂದು ಪಿಸುಗುಟ್ಟಿದ, ಹಕ್ಕಿ ಹಾರಿಹೋದ ಮೇಲೆ.

"ನಿಮ್ಮ ಫೋಟೋ?"

"ಹೋತು ಬಿಡಿ. ನೀವು ನಂಬಿ ಇಲ್ಲಿಗೆ ಕರ್ಕಂಡು ಬಂದ್ರಲ್ಲ, ಅದಕ್ಕಿಂತ ದೊಡ್ಡ ಪ್ರೈಜ್ ನಂಗೆ ಬೇಡ. ನೀವಂದ್ರೆ ನಂಗೆ ಇಷ್ಟ, ಸುಬ್ಬಿ."

ಅವಳಿಗೆ ಹೆಮ್ಮೆಯಾಯಿತು. ಅವನ ಬಗ್ಗೆಯೂ, ಅವನನ್ನು ಗುರುತಿಸಿದ ತನ್ನ ಕಣ್ಣಿನ ಬಗ್ಗೆಯೂ. ಮುಂದೆ ನಡೆದಳು; "ಕಲ್ಲು ಜಾರ್ತದೆ" ಎಂದು ಕೈ ಮಾತ್ರ ಹಿಂದಕ್ಕೆ ಚಾಚಿದಳು. ಆ ದಾರಿಯಲ್ಲಿ ಜಾರುವ ಕಲ್ಲು ಒಂದೂ ಇರಲಿಲ್ಲ.

ಕೆಳಗೆ ಚಹಾದಂಗಡಿಯ ಕಮಲಾಕರ ಕೀಟಲೆಗೆ ಕಾದೇ ಇದ್ದ. "ಎಂತ ಫೋಟೋದವರೇ, ಇವತ್ತೂ ಎಂತದೂ ಸಿಗ್ಲಿಲ್ವಾ?"

ಹಿಡಿದ ಕೈ ಬಿಡದೆ ಸುಬ್ಬಿ ತಲೆಯೆತ್ತಿ ನಿಂತಳು. "ಇವರಿಗೆ ಗೂಡಿನ ಮರ ತೋರ್ಸಿದೆ, ಕಮಲಾಕರಣ್ಣ."

ಚಹಾ ಸೋಸುತ್ತಿದ್ದವನು ಹಾಗೇ ನಿಂತ. ಅದು ಎಷ್ಟು ದೊಡ್ಡ ಮಾತೆಂದು ಊರಿಗೆಲ್ಲ ಗೊತ್ತಿತ್ತು.

"ಹಂಗಾರೆ ಮದ್ವೆ ಊಟ ಯಾವಾಗ?"

"ಮೊದ್ಲು ಅಲ್ಲಿ ಮರಿ ಹಾರ್ಲಿ" ಎಂದಳು ಸುಬ್ಬಿ.