ಮೂರನೇ ಗುಂಡಿಯ ಕಪ್ಪು ಚೂರು

ನಡುರಾತ್ರಿ ದಾಟಿತ್ತು. ಅಗೆದು ತಂದದ್ದನ್ನು ಇಡುವ ಪಕ್ಕದ ಕೋಣೆಯಲ್ಲಿ ಮಡಕೆ ಚೂರಿಗೆ ಚೂರು ತಾಗಿದ ಸಣ್ಣ ಸದ್ದು, ಆಮೇಲೆ ಟ್ರೇ ಸರಿದ ಸದ್ದು. ಮಲಗಿದ್ದಲ್ಲೇ ನೇತ್ರಾಳ ಕಿವಿ ನಿಮಿರಿತು. ಇಲಿ ಎಂದುಕೊಂಡಳು. ಇಲಿಗಳು ಟ್ರೇಯನ್ನು ಮತ್ತೆ ಜಾಗದಲ್ಲಿ ಇಡುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಮೂರನೇ ಗುಂಡಿಗೆ ಇಳಿದಾಗ ಇಲಿ ಯಾರೆಂದು ತಿಳಿಯಿತು.

ಮುಂಬೈ ಹತ್ತಿರದ ನಾಲಾಸೊಪಾರಾದ ಆಚೆ, ಸಮುದ್ರ ಒಳನುಗ್ಗಿದ ಖಾಡಿಯ ದಂಡೆಯ ದಿಬ್ಬದಲ್ಲಿ ಪುರಾತತ್ವದವರ ಅಗೆತ ನಡೆದಿತ್ತು. ಮೇಲೆ ಪೋರ್ಚುಗೀಸರ ಹೆಂಚು, ಕೆಳಗೆ ಚೀನಾದ ಪಿಂಗಾಣಿ, ಅದಕ್ಕೂ ಕೆಳಗೆ ಶಾತವಾಹನರ ಇಟ್ಟಿಗೆ. ನಿನ್ನೆ ಸಂಜೆ ಬಂದದ್ದು ಬರೀ ಹಳದಿ ಮಣ್ಣು, ಮನುಷ್ಯರು ಕಾಲಿಡುವ ಮುಂಚಿನದು. ಇವತ್ತು ಅಗೆತದ ಮುಖ್ಯಸ್ಥೆ ಮಾಧುರಿ ಮೇಡಂ ನೋಡಿದರೆ ಗುಂಡಿ ಮುಚ್ಚುವುದೇ. ನೇತ್ರಾ ಮುಂಬೈಯ ಸಯನ್‌ನ ಮನೆಗೆ ಹೊರಡುವುದೇ.

ಆ ಮಣ್ಣಿನಲ್ಲಿ ಈಗ, ಕೇಕಿನ ಮೇಲಿನ ಚೆರ್ರಿಯ ಹಾಗೆ, ಇಟ್ಟಿಗೆಗಿಂತ ಹಳೆಯ ಕಪ್ಪು ಚೂರೊಂದು ಕೂತಿತ್ತು.

ಅಂಚಿನ ಆ ಮುಕ್ಕಿನ ಚಿತ್ರವನ್ನು ಹೋದ ವಾರ ಅವಳೇ ಬಿಡಿಸಿದ್ದಳು. ಒಂದನೇ ಗುಂಡಿಯ ಚೂರು. ಅದರ ಮೇಲೆ ಬರೆದಿದ್ದ ನಂಬರನ್ನು ನೇಲ್ ಪಾಲಿಶ್ ರಿಮೂವರ್‌ನಿಂದ ಉಜ್ಜಿದ್ದ ಪುಣ್ಯಾತ್ಮ, ವಾಸನೆಯನ್ನು ಹಾಗೇ ಬಿಟ್ಟಿದ್ದ.

ಮೇಲೆ ಗುರುಬಸವ ಟೇಪು ಸುತ್ತುತ್ತ ಆಕಾಶ ನೋಡುತ್ತಿದ್ದ. ಬೆಳಗಾವಿಯ ಈ ಸರ್ವೇಯರ್ ಅವಳನ್ನು ಕದ್ದು ನೋಡುವುದೂ ಹೀಗೇ, ಇಡೀ ಕ್ಯಾಂಪಿಗೆ ಗೊತ್ತಾಗುವಂತೆ.

"ಇದೇನು, ಹೂವು ತಂದೀಯಾ ನನಗ?" ಚೂರಿನತ್ತ ಬೆರಳು ತೋರಿಸಿ ಕೇಳಿದಳು.

ಅವನ ಕಿವಿ ಕೆಂಪಾದವು. "ಮೇಡಂ ಕಣ್ಣಿಗೆ ಬಿದ್ರ ಗುಂಡಿ ಇನ್ನೊಂದು ತಿಂಗಳ ನಡೀತದ. ನಿನ್ನ ಹೆಸರೂ ಆಗ್ತದ."

"ನಾಚಿಗಿ ಆಗಂಗಿಲ್ಲ?"

"ಆಗ್ತದ. ಆದ್ರ ನೀ ಹೋಗೋದು ನೋಡಾಕ ನನ್ನಿಂದ ಆಗಂಗಿಲ್ಲ."

ಎಂಥೆಂಥ ಜನ ಇಲ್ಲಿ ಹಡಗು ಇಳಿದು, ವ್ಯಾಪಾರ ಮಾಡಿ, ಸತ್ತುಹೋಗಿದ್ದರು. ಒಡೆದದ್ದನ್ನು ಒಡೆದಲ್ಲೇ ಪ್ರಾಮಾಣಿಕವಾಗಿ ಬಿಟ್ಟಿದ್ದರು. ಒಂದು ಚಹಾಕ್ಕೆ ಕರೆಯಲು ಧೈರ್ಯವಿಲ್ಲದ ಇವನು ಅವರೆಲ್ಲರ ಬಾಯಲ್ಲಿ ಸುಳ್ಳು ಹೇಳಿಸಲು ಹೊರಟಿದ್ದ. ಅದಕ್ಕಿಂತ ಹೆಚ್ಚು ಅವಳಿಗೆ ಹೇಸಿಗೆ ಎನಿಸಿದ್ದು ತನ್ನ ಕೈ: ಚೂರನ್ನು ಕೀಳುವ ಮುನ್ನ ಅದು ಒಂದು ಗಳಿಗೆ ಹಿಂಜರಿದಿತ್ತು.

ಕಿತ್ತಳು. ಕುರ್ತಾದ ಜೇಬಿಗೆ ಹಾಕಿ ಕರಣೆಯಿಂದ ಮಣ್ಣು ಸಮ ಮಾಡಿದಳು.

ಮೇಡಂ ಬಂದು ಬಗ್ಗಿ ನೋಡಿದರು. ಖಾಲಿ ಮಣ್ಣು ಎಂದು ಮೊದಲು ಹೇಳಿದವಳು ನೇತ್ರಾಳೇ. ಮುಚ್ಚಿ ಎಂದರು ಮೇಡಂ.

ಸಂಜೆ ಅವಳ ಬ್ಯಾಗ್ ರಿಕ್ಷಾಕ್ಕೆ ಇಟ್ಟು ಗುರುಬಸವ ತಲೆತಗ್ಗಿಸಿ ನಿಂತ.

"ರವಿವಾರ ಸಯನ್ ಸ್ಟೇಷನ್ನಿಗೆ ಬಾ," ಎಂದಳು. "ಬರಿಗೈಲೆ ಬಾ. ಏನರ ತಂದಿ ಅಂದ್ರ ಅದ ಲೋಕಲ್ ಹತ್ತಿಸಿ ಕಳಸ್ತೀನಿ."

ಅವನ ಮುಖ ಅರಳಿದ ರೀತಿ ನೋಡಲಾಗದೆ ಅವಳು ರಸ್ತೆಯತ್ತ ತಿರುಗಿದಳು. ಚೂರು ಆಗಲೇ ತನ್ನ ಟ್ರೇ ಸೇರಿತ್ತು. ನಂಬರನ್ನು ಅವಳೇ ಮತ್ತೆ ಬರೆದಿದ್ದಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ರಿಕ್ಷಾದಲ್ಲಿ ನಿರ್ಧರಿಸಿದಳು. ಅವನ ಮಾನ ಉಳಿಸಲಿಕ್ಕಲ್ಲ. ನೋಡಿ ನೋಡಿ ಇಂಥವನನ್ನೇ ಆರಿಸಿಕೊಂಡಳು ಎಂದು ಜನ ನಗಬಾರದಲ್ಲ.