ಮುಳುಗಿದ ಬೀದಿಯಿಂದ ಬಂದ ಮತ

ಪರಗ್ವೆಯ ನಮ್ಮ ಊರಿನ ರೇಡಿಯೋದಲ್ಲಿ ಶನಿವಾರ ಮಧ್ಯಾಹ್ನ ವಾರದ ಹತ್ತು ಹಾಡುಗಳು ಬರುತ್ತವೆ. ನದಿಯಾಚೆಯ ಅರ್ಜೆಂಟೀನಾದವರೂ ಫೋನಿನಲ್ಲಿ ಮತ ಹಾಕುತ್ತಾರೆ. ಫೋನ್ ಮಾಡಿದವರ ಹೆಸರು, ಬೀದಿ ಬರೆದುಕೊಳ್ಳುವುದು ನನ್ನ ಕೆಲಸ.

ಒಬ್ಬ ಹೆಂಗಸು ಮೂರು ವಾರ ಒಂದೇ ಹಳೇ ಹಾಡಿಗೆ ಮತ ಹಾಕಿದಳು. ಅವಳು ಹೇಳಿದ ನಮ್ಮೂರಿನ ಬೀದಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ವರ್ಷಗಳಾಗಿವೆ. ಅವಳು ಮಾತಾಡುವಷ್ಟು ಹೊತ್ತೂ ರಿಸೀವರ್ ತಣ್ಣಗಿರುತ್ತಿತ್ತು. ನನ್ನ ಕಿವಿ ಒದ್ದೆಯಾಗುತ್ತಿತ್ತು.

"ಕಳ್ಳ ಮತ ಬರೀತೀಯೇನೇ? ಹಾಡಿದವನು ನಿನ್ನ ನೆಂಟನಾ?" ಎಂದರು ನಾಲ್ಕನೇ ಶನಿವಾರ ನನ್ನ ಪಟ್ಟಿ ನೋಡಿದ ನಿರೂಪಕ ದೋನ್ ಫೆರ್ಮಿನ್. "ಇವತ್ತು ಅವಳ ಫೋನ್ ಬರದಿದ್ರೆ ನಾಳೆಯಿಂದ ನೀನೂ ಬರ್ಬೇಡ."

ಫೋನ್ ಬಂತು. ಅವರೇ ಎತ್ತಿದರು.

"ಮನೆ ನಂಬರ್ ಎಷ್ಟ್ರೀ?" ಎಂದು ನಕ್ಕವರು, ಉತ್ತರ ಕೇಳಿ ಎದ್ದು ನಿಂತು, "ಅದು ನಮ್ಮಮ್ಮ ತೀರಿಕೊಂಡ ಮನೆ," ಎಂದರು. ಆಮೇಲೆ ಮೆಲ್ಲಗೆ, "ಹೂಂ, ಊಟ ಮಾಡ್ದೆ ಅಮ್ಮಾ," ಎಂದರು.

ಆ ಮತವನ್ನು ತಮ್ಮ ಕೈಯಾರೆ ಬರೆದರು. ನನ್ನ ಕೆಲಸ ಉಳಿಯಿತು. ಅಂದಿನಿಂದ ಶನಿವಾರ ಆ ಹೊತ್ತಿಗೆ ಫೋನ್ ಮುಟ್ಟಲು ಅವರು ನನಗೆ ಬಿಟ್ಟಿಲ್ಲ.