ಹಳದಿ ಜಿಪಿಎಸ್ ಸತ್ತದ್ದು ಹೇಗೆ?

ಹಳದಿ ಜಿಪಿಎಸ್ ಸತ್ತಿತ್ತು.

ಮದನ್ ದಪ್ಪ ಗ್ಲೌಸು ತೊಟ್ಟ ಕೈಯಲ್ಲಿ ಅದನ್ನು ಹಿಡಿದುಕೊಂಡು ಕೋಲ್ಡ್ ರೂಮಿನಿಂದ ಹೊರಬಂದ. ಅವನ ಬೆನ್ನ ಹಿಂದೆಯೇ ಬಿಳಿ ಹೊಗೆಯಂಥ ತಣ್ಣನೆ ಗಾಳಿ ನುಗ್ಗಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದ ಅವನ ತಾಯಿ ಸರ್ವಮಂಗಳಾ ಗಡಿಯಾರ ನೋಡಿದರು. ಹನ್ನೆರಡು. ಒಳಗಿಟ್ಟು ಎರಡೇ ಗಂಟೆ.

"ಬರ್ಕೊಳಮ್ಮ. ಹಳದಿ — ಆಫ್. ಕಪ್ಪು — ಎಪ್ಪತ್ತು ಪರ್ಸೆಂಟ್."

ಅವರು ಬರೆದುಕೊಳ್ಳಲಿಲ್ಲ. ಹಿಂದಿನ ಪುಟ ತಿರುವಿದರು. ನಿನ್ನೆ ಮಂಗಳವಾರ ಇದೇ ಕೋಣೆಯಲ್ಲಿ, ಇದೇ ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ, ಹಳದಿ ಯಂತ್ರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬದುಕಿತ್ತು. ಬ್ಯಾಟರಿಯ ನಾಲ್ಕು ಗೆರೆಗಳಲ್ಲಿ ಮೂರು ಇನ್ನೂ ಉಳಿದಿದ್ದವು. ಇವತ್ತು ಎರಡೇ ಗಂಟೆಗೆ ಸಾಯುವುದೆಂದರೆ ಏನು?

"ನಿನ್ನೆ ಸರಿಯಿತ್ತಲ್ಲೋ?"

"ಯಂತ್ರ ಅಲ್ವಾ. ಒಂದೊಂದು ದಿನ ಹಂಗೆ," ಎಂದ ಮದನ್. ತಾಯಿಯ ಮುಖ ನೋಡಲಿಲ್ಲ.

ಅದು ಸರ್ವಮಂಗಳಾ ಅವರ ತಮ್ಮ ಬಸವಪ್ರಸಾದರ ಐಸ್‌ಕ್ರೀಮ್ ಫ್ಯಾಕ್ಟರಿ, ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗುವ ರಸ್ತೆಯಲ್ಲಿ. ಸುತ್ತಲೂ ಬಾಳೆ, ಭತ್ತ, ಬಿಸಿಲು. ಹಿಮದ ಚಳಿ ಬೇಕೆಂದರೆ ಇಡೀ ತಾಲ್ಲೂಕಿನಲ್ಲಿ ಆ ಒಂದು ಕೋಣೆಯೇ ಗತಿ.

ಮದನನಿಗೆ ಆ ಚಳಿ ಬೇಕಾಗಿತ್ತು. ಉತ್ತರದ ಹಿಮಬೆಟ್ಟಗಳಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವ ತಂಡದಲ್ಲಿ ಅವನ ಕೆಲಸ. ಓಡಾಟವೆಲ್ಲ ಸ್ನೋಮೊಬೈಲಿನಲ್ಲಿ — ಚಕ್ರದ ಬದಲು ಪಟ್ಟಿಯ ಮೇಲೆ ಓಡುವ, ಬೈಕಿನಂಥ ಗಾಡಿ. ಮೋಡ ಕೆಳಗಿಳಿದರೆ ಅಲ್ಲಿ ನೆಲ ಯಾವುದು, ಆಕಾಶ ಯಾವುದು ಎಂದು ಗೊತ್ತಾಗುವುದಿಲ್ಲ. ಕೈಯಲ್ಲಿರುವ ಜಿಪಿಎಸ್ ತೋರಿಸಿದ್ದೇ ದಾರಿ.

ಕಳೆದ ಚಳಿಗಾಲದಲ್ಲಿ ರಾಹುಲ್ ಎಂಬ ಹುಡುಗ ಇಂಥದೇ ಹಳದಿ ಜಿಪಿಎಸ್ ಹಿಡಿದು ಹೋದವನು ಹಿಂತಿರುಗಲಿಲ್ಲ. ಮೂರನೆಯ ದಿನ ಹೆಣವಾಗಿ ಸಿಕ್ಕ. ತಂಗುದಾಣ ಅವನಿಂದ ಇನ್ನೂರು ಮೀಟರ್ ದೂರದಲ್ಲಿತ್ತಂತೆ. ಯಂತ್ರ ಕೆಟ್ಟಿತು ಎಂದು ವಿಚಾರಣೆಯವರು ಬರೆದು ಮುಗಿಸಿದರು. ತಂಡದಲ್ಲಿ ಉಳಿದವರು ಆರು ಜನ. ಸಾಮಾನಿನ ಉಸ್ತುವಾರಿ ಮದನನದು. ರಜೆಗೆ ಹೊರಟವನ ಕೈಗೆ ಉಳಿದ ಐವರು ಹಳೆಯ ಹಳದಿ ಯಂತ್ರವೊಂದನ್ನು ಕೊಟ್ಟು, ಹೊಸ ಮಾದರಿಯೊಂದರ ಜೊತೆ ಹೋಲಿಸಿ ನೋಡು, ನೀನು ಯಾವುದನ್ನು ಆರಿಸುತ್ತೀಯೋ ಅದನ್ನೇ ಎಲ್ಲರೂ ಜೇಬಿನಲ್ಲಿಟ್ಟುಕೊಳ್ಳುತ್ತೇವೆ ಎಂದಿದ್ದರು. ಶನಿವಾರ ಉತ್ತರ ಹೇಳಬೇಕು. ನವೆಂಬರಿನಲ್ಲಿ ಆರೂ ಜನ ಮೇಲೆ ಹತ್ತಬೇಕು.

ಆರನೆಯ ಜೇಬು ತನ್ನ ಮಗನದು. ಆದ್ದರಿಂದಲೇ ಸರ್ವಮಂಗಳಾ ಮನೆಗೆಲಸ ಬಿಟ್ಟು ಬಂದು ಗಂಟೆಗಂಟೆಗೂ ಲೆಕ್ಕ ಬರೆಯುತ್ತಿದ್ದದ್ದು. ಪರೀಕ್ಷೆ ಸುಳ್ಳಾದರೆ ಸುಳ್ಳು ಯಂತ್ರ ಹಿಡಿದು ಮಗ ಹಿಮಕ್ಕೆ ಇಳಿಯುತ್ತಾನೆ.

ಬಸವಪ್ರಸಾದ್ ಬಂದು ಯಂತ್ರದ ಬೆನ್ನು ಬಿಚ್ಚಿದರು. ಒಳಗೆ ಎರಡು ಪೆನ್ಸಿಲ್ ಸೆಲ್. ಬೀದಿ ಅಂಗಡಿಯಲ್ಲಿ ಸಿಗುವ ಸಾದಾ ಸೆಲ್.

"ಅಕ್ಕ, ಇದು ಲಿಥಿಯಂ ಅಲ್ಲ. ಬೆಳಿಗ್ಗೆ ನಮ್ಮೆಲ್ಲರ ಎದುರಿಗೇ ಮದನ ಲಿಥಿಯಂ ಹಾಕಿದ್ನಲ್ಲ?"

ಹಾಕಿದ್ದ. ಚಳಿ ತಡೆಯುವುದು ಆ ಸೆಲ್ಲೇ. ಸಾದಾ ಸೆಲ್ ಮಂಜುಗಡ್ಡೆಯಲ್ಲಿ ಬೇಗ ಸೋಲುತ್ತದೆ. ಒಂಬತ್ತಕ್ಕೆ ಸೆಲ್ ಹಾಕಿ, ಯಂತ್ರಗಳನ್ನು ಆಫೀಸಿನ ಮೇಜಿನ ಮೇಲಿಟ್ಟು, ಎಲ್ಲರೂ ಇಡ್ಲಿ ತಿಂದು ಕಾಫಿ ಕುಡಿದು, ಹತ್ತಕ್ಕೆ ಒಳಗಿಟ್ಟಿದ್ದರು. ಯಾರೋ ಆ ಒಂದು ಗಂಟೆಯಲ್ಲಿ ಸೆಲ್ ಬದಲಾಯಿಸಿದ್ದರು.

ಆಫೀಸಿನೊಳಗೆ ಹೋಗಿ ಬಂದವರು ಯಾರು? ಕಸ ಗುಡಿಸಲು ಕವಲಂದೆಯ ಚಿನ್ನಮ್ಮ. ಡೆಲಿವರಿ ನೋಡಿಕೊಳ್ಳುವ ಅಮೃತೇಶ್ — ಅವನಿಗೆ ಪೇಟೆಯಲ್ಲಿ ಮೊಬೈಲ್ ಅಂಗಡಿಯೂ ಇತ್ತು, ಕಪ್ಪು ಜಿಪಿಎಸ್ ತರಿಸಿಕೊಟ್ಟವನೂ ಅವನೇ. ಫೋನ್ ಚಾರ್ಜರ್ ತರಲು ಮದನ್.

ಬಸವಪ್ರಸಾದ್ ಚಿನ್ನಮ್ಮನ ಚೀಲ ತಡಕಿದರು. ಒಂದು ಟಾರ್ಚು ಸಿಕ್ಕಿತು. ಅದರಲ್ಲಿ ಲಿಥಿಯಂ ಸೆಲ್ ಇರಲಿಲ್ಲ. ಆದರೂ ಟಾರ್ಚಿದ್ದವಳಿಗೇ ಸೆಲ್ ಬೇಕಾಗುವುದೆಂದು ಅವರು ತೀರ್ಮಾನಿಸಿಬಿಟ್ಟರು. ನಾಳೆಯಿಂದ ಬರಬೇಡ ಎಂದರು. ಚಿನ್ನಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಹೊರಟಳು.

ಮದನ್ ಬಾಗಿಲವರೆಗೆ ಅವಳ ಹಿಂದೆಯೇ ಹೋದ. ಮತ್ತೆ ತಿರುಗಿ ಬಂದ.

ಹಳದಿ ಯಂತ್ರ ಮೈತುಂಬ ಬೆವತಿತ್ತು. ಸರ್ವಮಂಗಳಾ ಅದನ್ನು ಸೆರಗಿನಲ್ಲಿ ಒರೆಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಮನೆಗೆ ಹೋಗಿ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟರು.

ಗುರುವಾರ ಬೆಳಿಗ್ಗೆ ಮದನ್ ತಂದೆಯ ಜೊತೆ ಕಳಲೆಯ ತೋಟಕ್ಕೆ ಹೋಗಿದ್ದ. ಸರ್ವಮಂಗಳಾ ಕುಕ್ಕರ್ ಇಟ್ಟು, ಅಕ್ಕಿಯಿಂದ ಯಂತ್ರ ತೆಗೆದು, ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಲಿಥಿಯಂ ಸೆಲ್ ಹಾಕಿದರು. ಚಾಲೂ ಆಯಿತು. ಮಗ ಕಲಿಸಿದ್ದಂತೆ ಬಟನ್ ಒತ್ತಿ ಪುಟ ತೆರೆದು ನೋಟ್‌ಬುಕ್ಕಿನ ಕಾಲಂ ತುಂಬಿಸಿದರು. ಗೆರೆ: ನಾಲ್ಕು. ಸೆಲ್ ಯಾವುದು: ಆಲ್ಕಲೈನ್.

ಪೆನ್ನು ನಿಂತಿತು. ಆಲ್ಕಲೈನ್ ಎಂದರೆ ಸಾದಾ ಸೆಲ್. ಮಂಗಳವಾರದ ಪುಟದಲ್ಲಿ ಆರು ಸಲ ಲಿಥಿಯಂ ಎಂದಿತ್ತು. ಬುಧವಾರ ಹನ್ನೊಂದಕ್ಕೆ ಮದನ್ ಗೆರೆ ಮಾತ್ರ ಹೇಳಿದ್ದ, ಸೆಲ್ಲಿನ ಕಾಲಂ ಖಾಲಿಯಿತ್ತು.

ಸೆಲ್ ತೆಗೆದು ಮತ್ತೆ ಹಾಕಿದರು. ಮೂರು ಸಲ. ಆಲ್ಕಲೈನ್, ಆಲ್ಕಲೈನ್, ಆಲ್ಕಲೈನ್. ಕುಕ್ಕರ್ ಎಷ್ಟು ಸಲ ಕೂಗಿತೋ ಅವರಿಗೆ ಕೇಳಿಸಲಿಲ್ಲ. ಅನ್ನ ತಳ ಹಿಡಿಯಿತು.

ಹತ್ತು ಗಂಟೆಗೆ ಚಿನ್ನಮ್ಮನೇ ಬಾಗಿಲಿಗೆ ಬಂದಳು. ಕೆಲಸವಿಲ್ಲ ಎಂದು ಮನೆಯಲ್ಲಿ ಹೇಳಲಾಗದೆ ಎಂದಿನ ರೈಲನ್ನೇ ಹತ್ತಿದ್ದಳು. ಸರ್ವಮಂಗಳಾ ಒಳಗೆ ಕರೆದು ಕಾಫಿ ಕೊಟ್ಟರು. ಇಬ್ಬರೂ ಮೊರದ ಮುಂದೆ ಕೂತು ಬೀನ್ಸ್ ನಾರು ತೆಗೆಯತೊಡಗಿದರು.

"ಆ ಅಳದಿ ಸಾಮಾನ ಮುಟ್ಟಿದ್ಯಾ ಚಿನ್ನಮ್ಮ? ನಿಜ ಹೇಳು, ಬೈಯಲ್ಲ," ಎಂದು ಅವರು ಅವಳ ಮಾತಿನಲ್ಲೇ ಕೇಳಿದರು.

"ಮುಟ್ದೆ ಕಣ್ರಮ್ಮ. ಮೇಜು ಒರಸ್ಬೇಕಲ್ಲ, ಎತ್ತಿ ಆಕಡೆ ಮಡಗ್ದೆ. ಅದರ ಒಟ್ಟೆ ಬಿಚ್ಚೋದು ಎಂಗೆ ಅಂತ್ಲೇ ಗೊತ್ತಿಲ್ಲ ನಂಗೆ."

"ಆಮೇಲೆ ಯಾರು ಬಂದ್ರು?"

ಚಿನ್ನಮ್ಮ ಒಂದು ಬೀನ್ಸನ್ನು ಬಹಳ ಹೊತ್ತು ಮುರಿದಳು.

"ಅಮೃತೇಶಪ್ಪ ಬಂದು ಬೀಗದ ಕೈ ತಕೊಂಡೋದ್ರು. ಆಮೇಲೆ... ನಾ ಯಾಕೆ ಏಳ್ಲಿ ಬುಡಿ. ನಿಮ್ಮನೇಲಿ ಕೂತ್ಕಂಡು."

ಸರ್ವಮಂಗಳಾ ಮತ್ತೆ ಕೇಳಲಿಲ್ಲ. ಊಟ ಮಾಡಿಸಿ ಕಳಿಸಿದರು. ನಾಳೆ ಫ್ಯಾಕ್ಟರಿಗೆ ಬಾ, ನಾನಿರುತ್ತೇನೆ ಎಂದರು. ಸಂಜೆ ಮಗ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: ಕಪ್ಪು ಯಂತ್ರವನ್ನೇ ಆರಿಸುತ್ತೀಯಾ? ಹೌದು ಎಂದ. ಅದರ ಟಚ್ ಗಾಜನ್ನು ಗ್ಲೌಸು ಹಾಕಿ ಹತ್ತು ಸಲ ಒತ್ತಿದರೆ ಅದು ಮೂರು ಸಲ ಮಾತ್ರ ಕೇಳಿತ್ತಲ್ಲ ಎಂದರು. ಗ್ಲೌಸು ಬಿಚ್ಚಿ ಒತ್ತಿದರಾಯಿತು ಎಂದ. ಹಿಮಗಾಳಿಯಲ್ಲಿ ಬರಿಗೈ ಎಷ್ಟು ಹೊತ್ತು ತಡೆಯುತ್ತದೆಂದು ಅವನೇ ಹಿಂದೊಮ್ಮೆ ಹೇಳಿದ್ದ: ನಾಲ್ಕು ನಿಮಿಷ.

ಶುಕ್ರವಾರ ಫ್ಯಾಕ್ಟರಿ ಆಫೀಸಿನಲ್ಲಿ ಅಮೃತೇಶನೂ ಸೇರಿ ಎಲ್ಲರೂ ಕೂಡಿದರು. ಚಿನ್ನಮ್ಮ ಬಾಗಿಲ ಹೊರಗೇ ನಿಂತಿದ್ದಳು. ಸರ್ವಮಂಗಳಾ ಕೈಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು.

"ಅಕ್ಕ, ಪೊಲೀಸ್ ಸ್ಟೇಷನ್ ಮಾಡ್ಬಿಟ್ಟೆಯಲ್ಲ ನನ್ನ ಆಫೀಸ್‌ನ," ಎಂದು ಬಸವಪ್ರಸಾದ್ ನಗಲು ನೋಡಿದರು.

ಹಳದಿ ಯಂತ್ರವನ್ನು ಸರ್ವಮಂಗಳಾ ಮೊದಲು ತಮ್ಮನ ಕೈಗಿಟ್ಟರು. ಒಳಗೆ ಯಾವ ಸೆಲ್ ಇದೆಯೆಂದು ಇದಕ್ಕೆ ಹೇಳಬೇಕು, ಹೇಳು ನೋಡೋಣ ಎಂದರು. ಬಸವಪ್ರಸಾದ್ ತಿರುಗಿಸಿ ಮುರುಗಿಸಿ ಹಿಂದಕ್ಕೆ ಕೊಟ್ಟರು. ಚಿನ್ನಮ್ಮ ಅದನ್ನು ತಲೆಕೆಳಗಾಗಿ ಹಿಡಿದಳು. ಅಮೃತೇಶ್ ತೆಗೆದುಕೊಂಡವನೇ ಗಾಜಿನ ಮೇಲೆ ಬೆರಳಾಡಿಸಿದ. ಮೊಬೈಲಿನಂತೆ ಅದು ಸರಿಯಲಿಲ್ಲ.

"ಇದು ಟಚ್ ಅಲ್ವಾ ಆಂಟಿ? ನಾನು ಇದನ್ನ ಆನ್ ಮಾಡೇ ಇಲ್ಲ. ಸೆಲ್ ಯಾವ್ದು ಅಂತ ಇದಕ್ಯಾಕೆ ಹೇಳ್ಬೇಕು?"

"ಹೇಳದಿದ್ರೆ ಗೆರೆ ಸುಳ್ಳು ತೋರಿಸುತ್ತೆ. ಯಾವ ಸೆಲ್ ಹಾಕಿದ್ರು ಅಂತ ಯಂತ್ರಕ್ಕೆ ತಾನಾಗಿ ಗೊತ್ತಾಗಲ್ಲ. ಹಾಕಿದವರೇ ಹೇಳ್ಬೇಕು." ಸರ್ವಮಂಗಳಾ ಯಂತ್ರವನ್ನು ಮೇಜಿನ ಮೇಲಿಟ್ಟರು. "ನಾವೆಲ್ಲ ಒಳಗಿದ್ದ ಸೆಲ್ ನೋಡಿದ್ವಿ. ಯಂತ್ರ ಏನು ಬರ್ಕೊಂಡಿದೆ ಅಂತ ಯಾರೂ ನೋಡ್ಲಿಲ್ಲ. ಮಂಗಳವಾರ ಲಿಥಿಯಂ ಅಂತಿತ್ತು. ಬುಧವಾರ ಸತ್ತ ಮೇಲೆ ಅದು ನನ್ನ ಅಕ್ಕಿ ಡಬ್ಬೀಲಿತ್ತು. ನಿನ್ನೆ ತೆಗೆದು ನೋಡಿದ್ರೆ ಆಲ್ಕಲೈನ್ ಅಂತಿದೆ."

"ಅಂದ್ರೆ?" ಎಂದರು ಬಸವಪ್ರಸಾದ್.

"ಸೆಲ್ ಕದಿಯೋರು ಕದ್ದು ಹೋಗ್ತಾರೆ. ಯಂತ್ರ ಕೆಡಿಸೋರು ಕೆಡಿಸಿ ಹೋಗ್ತಾರೆ. ಸಾದಾ ಸೆಲ್ ಹಾಕಿ, ನಿನ್ನೊಳಗೆ ಈಗ ಸಾದಾ ಸೆಲ್ ಇದೆ ಅಂತ ಯಂತ್ರಕ್ಕೂ ನಿಜ ಹೇಳಿ ಹೋಗೋರು ಯಾರು? ನೂರಾರು ಸಲ ಸೆಲ್ ಬದಲಾಯಿಸಿದ ಕೈ. ಮನಸ್ಸು ಬೇರೆ ಕಡೆ ಇದ್ರೂ ಬೆರಳು ಆ ಕೆಲಸ ಮುಗಿಸಿಬಿಡುತ್ತೆ." ಅವರ ದನಿ ಇಲ್ಲಿ ಒಂದಿಷ್ಟು ಕುಸಿಯಿತು. "ಅಂಥ ಕೈ ಈ ಕೋಣೇಲಿ ಒಂದೇ ಇದೆ. ಸೆಲ್ ಬದಲಾಯಿಸಿದವನು ನನ್ನ ಮಗ."

ಹೊರಗೆ ಕಂಪ್ರೆಸರ್ ಗುರ್ರೆನ್ನುತ್ತಿತ್ತು.

ಮದನ್ ಜೇಬಿಗೆ ಕೈಹಾಕಿ ಎರಡು ಲಿಥಿಯಂ ಸೆಲ್ ತೆಗೆದು ಮೇಜಿನ ಮೇಲಿಟ್ಟ. ಎರಡು ದಿನ ಎಸೆಯಲೂ ಆಗದೆ ಇಟ್ಟುಕೊಂಡಿದ್ದ.

"ಯಾಕೋ?" ಎಂದರು ಬಸವಪ್ರಸಾದ್. "ಯಾಕೋ ಮದನ?"

ಅವನು ತಾಯಿಗೆ ಹೇಳಿದ. ರಾಹುಲ್ ಹೊರಟ ದಿನ ಲಿಥಿಯಂ ಸೆಲ್ ಮುಗಿದಿದ್ದವು. ತರಿಸಬೇಕಾದವನು ತಾನೇ, ಮರೆತಿದ್ದ. ಒಂದು ಗಂಟೆಯ ಸುತ್ತಾಟ ತಾನೇ ಎಂದು ಸಾದಾ ಸೆಲ್ ಹಾಕಿಕೊಟ್ಟ. ಒಂದು ಗಂಟೆ ಆರು ಗಂಟೆಯಾಯಿತು. ವಿಚಾರಣೆಯವರು ಯಂತ್ರ ಕೆಟ್ಟಿತು ಎಂದಾಗ ತಾನೂ ಅದನ್ನೇ ನಂಬಲು ಹೊರಟ.

"ಮಂಗಳವಾರ ಅದು ಸಾಯುತ್ತೆ ಅಂದ್ಕೊಂಡಿದ್ದೆ ಅಮ್ಮ. ಲಿಥಿಯಂ ಹಾಕಿದ್ರೂ ಸಾಯುತ್ತೆ ಅಂತ. ಸತ್ತಿದ್ರೆ ತಪ್ಪು ಅದರದ್ದೇ ಅಂತ ನಿದ್ದೆ ಮಾಡ್ತಿದ್ದೆ. ಅದು ಸಾಯ್ಲೇ ಇಲ್ಲ."

"ಅದಕ್ಕೆ ನೀನೇ ಸಾಯಿಸಿದೆ. ಆರು ಜನಕ್ಕೆ ಗ್ಲೌಸು ಬಿಚ್ಚೋ ಯಂತ್ರ ಕೊಡಕ್ಕೆ ಹೊರಟೆ. ಅದರಲ್ಲಿ ನೀನೂ ಒಬ್ಬ."

"ನಂಗೆ ಏನಾದ್ರೂ ಪರವಾಗಿಲ್ಲ ಅನ್ನಿಸಿತ್ತು."

ಸರ್ವಮಂಗಳಾ ಕುರ್ಚಿಯ ತೋಳು ಹಿಡಿದುಕೊಂಡರು.

ಬಸವಪ್ರಸಾದ್ ಎದ್ದು ಚಿನ್ನಮ್ಮನ ಮುಂದೆ ನಿಂತು ತಡವರಿಸಿದರು. ಕೆಲಸಕ್ಕೆ ಬಾರಮ್ಮ ಎನ್ನುವಷ್ಟರಲ್ಲಿ ಸಾಕಾಯಿತು. ಮದನ್ ಅವಳ ಕಾಲಿಗೆ ಬಗ್ಗಿದ. ಚಿನ್ನಮ್ಮ ಹಿಂದೆ ಸರಿದಳು.

"ಬುಧವಾರವೇ ಬಾಯಿ ಬುಟ್ಟಿದ್ರೆ ಆಯ್ತಿತ್ತಲ್ಲಪ್ಪ. ಸೆಲ್ ಬದ್ಲಾಯ್ಸುವಾಗ ನಾ ನಿಮ್ಮ ಕೈ ನೋಡ್ದೆ, ನೀವೂ ನನ್ ಮಖ ನೋಡಿದ್ರಿ," ಎಂದಳು. ಸಿಟ್ಟಿನಿಂದಲ್ಲ. ಅದೇ ಹೆಚ್ಚು ಚುಚ್ಚಿತು.

ಹಳದಿ ಯಂತ್ರವೇ ಸರಿ, ಲಿಥಿಯಂ ಸೆಲ್ ಇಲ್ಲದೆ ಯಾರೂ ಹೊರಡಬೇಡಿ, ರಾಹುಲ್‌ಗೆ ನಾನು ಹಾಕಿಕೊಟ್ಟದ್ದು ಸಾದಾ ಸೆಲ್ ಎಂದು ಮದನ್ ತಂಡದ ಐವರಿಗೂ ಅಲ್ಲೇ ಕೂತು ಮೆಸೇಜು ಬರೆದ. ಕಳಿಸುವ ಮುಂಚೆ ತಲೆಯೆತ್ತಿದ.

"ಕೆಲಸ ಹೋಗುತ್ತಮ್ಮ. ಕೇಸೂ ಆಗ್ಬೋದು."

"ಆಗ್ಬೋದು," ಎಂದರು ಸರ್ವಮಂಗಳಾ.

ಅವನು ಕಳಿಸಿದ. ತಾಯಿ ಕುರ್ಚಿ ಎಳೆದುಕೊಂಡು ಅವನ ಮಗ್ಗುಲಿಗೆ ಬಂದು ಕೂತರು.

"ರಾಹುಲ್‌ನ ಅಮ್ಮನ ನಂಬರ್ ಇದ್ಯಾ?"

"ಇದೆ. ಭಾನುವಾರ ಭಾನುವಾರ ಅವರೇ ಮಾಡ್ತಾರೆ."

"ಈಗ ನೀನು ಮಾಡು. ನಂಗೆ ಅವರ ಭಾಷೆ ಬರಲ್ಲ. ಇಲ್ಲೇ ಕೂತಿರ್ತೀನಿ."

ಅವನ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ರಿಂಗ್ ಆಯಿತು. ಆ ಕಡೆ ಪಾತ್ರೆಗಳ ಸದ್ದು, ನಲ್ಲಿ ನಿಲ್ಲಿಸಿದ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ, ಇವತ್ತು ಶುಕ್ರವಾರವಲ್ಲವೇ ಎಂಬ ಸಣ್ಣ ಆಶ್ಚರ್ಯದಿಂದ, ಮದನನ ಹೆಸರು ಹಿಡಿದು, ಊಟ ಆಯಿತಾ ಮಗಾ ಎಂದು ಹಿಂದಿಯಲ್ಲಿ ಕೇಳಿತು.